ಎಸ್ನಾತಳ ಅಂಗಳದಲ್ಲಿ ನಮ್ಮ ಬೇಳೆ ಯಂತ್ರ

ಬ್ಲಾಂಟೈರ್ ಬಿಟ್ಟ ಮೇಲೆ

ತೊಗರಿ ಹೂವನ್ನು ಆಷಾಢದಲ್ಲಿ ಕಂಡವರು ನಮ್ಮ ಕಡೆ ಯಾರೂ ಇರಲಿಕ್ಕಿಲ್ಲ. ನಾನು ಕಂಡೆ. ಆಫ್ರಿಕಾದ ಮಲಾವಿ ಎಂಬ ಪುಟ್ಟ ದೇಶದಲ್ಲಿ, ಬ್ಲಾಂಟೈರ್ ಊರಿನಿಂದ ಹೊರಟ ವ್ಯಾನಿನ ಕಿಟಕಿಯಿಂದ. ನಮ್ಮ ನಾರಾಯಣಖೇಡದಲ್ಲಿ ಆ ದಿನಗಳಲ್ಲಿ ತೊಗರಿ ಗೇಣುದ್ದ ಎದ್ದಿರುತ್ತದೆ, ಸಾಲಿನ ನಡುವೆ ಎಡೆ ಹೊಡೆಯುತ್ತಿರುತ್ತಾರೆ. ಇಲ್ಲಿ ಆಳೆತ್ತರದ ಗಿಡ. ತುದಿಯಲ್ಲಿ ಹಳದಿ ಹೂ, ಕೆಳಗಿನ ಕೊಂಬೆಯಲ್ಲಿ ಆಗಲೇ ಕಾಯಿ. ಸುತ್ತ ಕೊಯ್ದುಳಿದ ಮೆಕ್ಕೆಜೋಳದ ಒಣ ದಂಟು. ವ್ಯಾನ್ ನಿಲ್ಲಿಸಿ ಎನ್ನಲು ಬಾಯಿ ತೆರೆದೆ. ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದೆ ಮುಚ್ಚಿದೆ.

ಭಾಷೆಯ ತೊಡಕು ನನಗೆ ಹೊಸದಲ್ಲ. ಹುಟ್ಟಿದ್ದು ತೆಲುಗು ನಾಡಿನ ಗಡಿಯ ನಾರಾಯಣಖೇಡ, ಕೆಲಸ ಅಲ್ಲೇ ಹತ್ತಿರದ ಜಹೀರಾಬಾದಿನಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ದಿನಕ್ಕೆ ಹತ್ತಾರು ಸಲ ನಾಲಿಗೆ ಬದಲಿಸಿ ಬದುಕುವ ಜನ ನಾವು. ಆದರೆ ಅಲ್ಲಿ ಯಾವ ತಿರುವಿನಲ್ಲೂ ಈ ಮೂರರಲ್ಲಿ ಒಂದು ಸಿಗುತ್ತದೆ. ಈ ವ್ಯಾನಿನಲ್ಲಿ ಒಂದೂ ಇರಲಿಲ್ಲ. ಸೀಟು ತುಂಬಿದ ಮೇಲೂ ಮಂದಿಯನ್ನು ಹತ್ತಿಸಿಕೊಳ್ಳುವುದು, ಕೋಳಿಗೂ ಜಾಗ ಮಾಡಿಕೊಡುವುದು, ಅಪರಿಚಿತರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಎಲ್ಲವೂ ನಮ್ಮ ಖೇಡದ ಬಸ್ಸಿನಂತೆಯೇ ಇತ್ತು. ಅದಕ್ಕೇ ಇನ್ನಷ್ಟು ಸಂಕಟವಾಯಿತು. ಎಲ್ಲ ನಮ್ಮದೇ, ಮಾತು ಮಾತ್ರ ನಮ್ಮದಲ್ಲ.

ನಾನು ಹೋದದ್ದು ಊರು ನೋಡಲಿಕ್ಕಲ್ಲ. ನಮ್ಮದು ಸಣ್ಣ ಕಾರ್ಖಾನೆ. ಮನೆಯಲ್ಲೋ ಓಣಿಯಲ್ಲೋ ಇಟ್ಟುಕೊಂಡು ತೊಗರಿಯನ್ನು ಬೇಳೆ ಮಾಡುವ ಚಿಕ್ಕ ಯಂತ್ರ ತಯಾರಿಸುತ್ತೇವೆ. ಯಂತ್ರ ಬಳಸುವವರ ನಡುವೆ ಕೂತು, ಅವರು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ, ಯಾಕೆ ಬಿಟ್ಟುಬಿಡುತ್ತಾರೆ ಎಂದು ಕಂಡುಕೊಂಡು ಬರುವುದು ನನ್ನ ಕೆಲಸ. ಹೈದರಾಬಾದಿನಲ್ಲಿ ಇದಕ್ಕೆ ಯೂಸರ್ ರಿಸರ್ಚ್ ಎನ್ನುತ್ತಾರೆ. ನನ್ನ ಅತ್ತೆ ಮಾತ್ರ ಬಂದವರಿಗೆಲ್ಲ, "ನಮ್ಮ ವಿಜಿದು ಮಂದಿ ಅಡಗಿಮನ್ಯಾಗ ಕುಂತು ನೋಡೋ ನೌಕರಿ ಅದರಿ" ಎಂದು ಹೇಳುತ್ತಾರೆ. ಅವರು ಹೇಳುವುದೇ ಹೆಚ್ಚು ಸರಿ.

ಹೋಗುವ ಮೊದಲು ನಮ್ಮ ಮಾಲಕರಾದ ವೀರಶೆಟ್ಟಿಯವರು ಕರೆದು ಕೂರಿಸಿದರು. ಮಲಾವಿಗೆ ಹಿಂದಿನ ವರ್ಷ ಕಳಿಸಿದ ಯಂತ್ರಗಳ ಬೆನ್ನಿಗೆ ಒಂದು ಹೊಸ ಆರ್ಡರೂ ಬಂದಿರಲಿಲ್ಲ.

"ವಿಜಯಮ್ಮ, ಅಲ್ಲಿನ ಡೀಲರ್ ಎಲ್ಲರಿಗೂ ಫೋನ್ ಹಚ್ಚಿ ಕೇಳ್ಯಾನ. ಮಷೀನ್ ಹ್ಯಾಂಗದ ಅಂದ್ರ ಎಲ್ಲರೂ ಛಲೋ ಅದ ಅಂತಾರಂತ. ಛಲೋ ಇದ್ರ ಆರ್ಡರ್ ಯಾಕ ನಿಂತಾವ?"

"ಎಂಜಿನಿಯರ್ ಸಾಹೇಬ್ರು ಏನಂತಾರ್ರಿ?"

"ಮೋಟರ್ ಕಮ್ಮಿ ಬಿದ್ದದ, ದೊಡ್ಡದು ಹಾಕಮು ಅಂತಾರ. ಹಂಗ ಮಾಡಬೇಕಂದ್ರ ಸಾಂಚಾ, ಅಚ್ಚು ಎಲ್ಲಾ ಬದಲಿ ಮಾಡಬೇಕು. ಅದೂ ನಡೀಲಿಲ್ಲಂದ್ರ ಹಿಂದಿನ ಶೆಡ್ ಮುಚ್ಚೋದೇ. ಅಲ್ಲಿ ದುಡಿಯೋ ಮಂದಿಗಿ ನಾ ಏನ್ ಹೇಳ್ಲಿ? ನೀವು ಹೋಗಿ ನೋಡಿ ಬರ್ರಿ. ಆಮ್ಯಾಲ ಮೋಟರ್ ಮಾತು."

ಹೀಗೆ, ಬದಲಿ ಹಾಕಲು ಬೇಕಾದೀತೆಂದು ಯಂತ್ರದ ಒರಟು ಕಲ್ಲಿನ ಬಿಲ್ಲೆಯೊಂದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆ. ಬ್ಲಾಂಟೈರಿನ ವಿಮಾನ ನಿಲ್ದಾಣದಲ್ಲಿ ಅದರಿಂದಲೇ ಫಜೀತಿಯಾಯಿತು. ಸುಂಕದ ಹೆಣ್ಣುಮಗಳು ಬಿಲ್ಲೆಯನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದಳು. ನನ್ನ ಇಂಗ್ಲಿಷ್ ಅವಳಿಗೆ ತಿಳಿಯಲಿಲ್ಲ, ಅವಳದು ನನಗೆ ತಿಳಿಯಲಿಲ್ಲ. ಕೊನೆಗೆ ನಾನು ಅಲ್ಲೇ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಬೀಸುವ ಕಲ್ಲನ್ನು ತಿರುಗಿಸುವವಳಂತೆ ಕೈ ಆಡಿಸಿದೆ. ಅವಳು ನಕ್ಕು, ಎದ್ದು ನಿಂತು, ಎರಡೂ ಕೈಯಲ್ಲಿ ಒನಕೆ ಹಿಡಿದು ಕುಟ್ಟುವವಳಂತೆ ಮಾಡಿ ತೋರಿಸಿದಳು. ನನ್ನ ಹಿಂದೆ ನಿಂತ ಸಾಲೆಲ್ಲ ನಕ್ಕಿತು. ಬಿಲ್ಲೆ ನನ್ನ ಪೆಟ್ಟಿಗೆಗೆ ಮರಳಿತು.

ಎಸ್ನಾತಳ ಅಂಗಳ

ಚಿಕೊಂಡಿ ಎಂಬಾಕೆ ನನ್ನ ದುಭಾಷಿ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ರಜೆಯಲ್ಲಿ ನನ್ನ ಜೊತೆ ಬರಲು ಒಪ್ಪಿದ್ದಳು. ಅವಳು ಕರೆದೊಯ್ದದ್ದು ಚಹಾ ತೋಟಗಳ ತಪ್ಪಲಿನ ಒಂದು ಹಳ್ಳಿಗೆ, ಎಸ್ನಾತ್ ಎಂಬವಳ ಮನೆಗೆ. ಎಸ್ನಾತಳಿಗೆ ಮೂವತ್ತರ ಆಸುಪಾಸು. ಗಂಡ ಜೋಹಾನ್ಸ್‌ಬರ್ಗಿಗೆ ಕಟ್ಟಡ ಕೆಲಸಕ್ಕೆ ಹೋಗಿ ವರ್ಷದ ಮೇಲಾಗಿತ್ತು. ಒಬ್ಬ ಮಗಳು, ಇನ್ನೂ ಬೆನ್ನಿಗೆ ಕಟ್ಟಿಕೊಳ್ಳುವಷ್ಟು ಚಿಕ್ಕವಳು. ಓಣಿಯ ಹೆಂಗಸರ ಪರವಾಗಿ ನಮ್ಮ ಯಂತ್ರವನ್ನು ತನ್ನ ಮನೆಯಲ್ಲಿಟ್ಟುಕೊಂಡವಳು ಅವಳೇ.

ಅವರ ಮಾತು ನನಗೆ ಬಂದದ್ದು ಚಿಕೊಂಡಿಯ ಇಂಗ್ಲಿಷಿನಲ್ಲಿ. ಆದರೆ ಇಲ್ಲಿ ಅದನ್ನು ನನ್ನ ಮನೆಯ ಮಾತಿನಲ್ಲೇ ಬರೆಯುತ್ತೇನೆ. ಎರಡನೆಯ ದಿನದಿಂದ ನನ್ನ ಕಿವಿಗೆ ಅದು ಹಾಗೆಯೇ ಕೇಳತೊಡಗಿತ್ತು.

ಮೊದಲ ಬೆಳಿಗ್ಗೆ ನಾನು ಒಳಗೆ ಕೂತಿದ್ದಾಗ ಹೊರಗಿನಿಂದ ಯಾರೋ "ಓಡಿ! ಓಡಿ!" ಎಂದು ಕೂಗಿದರು. ನಾನು ಧಡಕ್ಕನೆ ಎದ್ದು ಚಪ್ಪಲಿ ಹುಡುಕಿದೆ. ಹಾವೋ ಬೆಂಕಿಯೋ ಎಂದುಕೊಂಡೆ. ಚಿಕೊಂಡಿ ನನ್ನ ಕೈ ಹಿಡಿದು ಕೂರಿಸಿದಳು. ಅಲ್ಲಿ ಯಾರ ಮನೆಗೆ ಹೋದರೂ ಬಾಗಿಲು ತಟ್ಟುವುದಿಲ್ಲ, ಅಂಗಳದಲ್ಲಿ ನಿಂತು 'ಓಡಿ' ಎಂದು ಕರೆಯುತ್ತಾರಂತೆ. ಒಳಗಿನವರು ಉತ್ತರ ಕೊಟ್ಟ ಮೇಲೆಯೇ ಬರುವುದು. ನಮ್ಮ ಭಾಷೆಯಲ್ಲಿ ಅದರ ಅರ್ಥ ಏನೆಂದು ನಾನು ಹೇಳಿದಾಗ ಎಸ್ನಾತ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಬಂದ ಪ್ರತಿ ನೆರೆಯವಳಿಗೂ ಆ ಕತೆ ಹೇಳಿದಳು. ಕೈ ಕುಲುಕುವಾಗ ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದು ಬಾಗುತ್ತಾರೆ ಅವರು. ದೊಡ್ಡವರಿಗೆ ಏನಾದರೂ ಕೊಡುವಾಗ ನಾವೂ ಹಾಗೆಯೇ ಎಡಗೈ ಸೇರಿಸುತ್ತೇವೆ. ನನ್ನನ್ನು ಅವರು ಕರೆದದ್ದು 'ಅಮಾಯಿ' ಎಂದು. ತಾಯಿ ಎಂದರ್ಥ. ಗೌರವದ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮೂರಿನ ಯಾರೋ ಕರೆದಂತಾಗಿ ಹಿಂತಿರುಗಿ ನೋಡಿದ್ದೆ.

ನಮ್ಮ ಯಂತ್ರ ಮನೆಯ ಮೂಲೆಯಲ್ಲಿತ್ತು. ಮೇಲೆ ಹೂವಿನ ಚಿತ್ರದ ಬಟ್ಟೆ, ಬಟ್ಟೆಯ ಮೇಲೆ ರೇಡಿಯೊ, ರೇಡಿಯೊ ಪಕ್ಕ ಗಂಡನ ಫೋಟೊ. ಧೂಳು ಒಂದಿಷ್ಟೂ ಇರಲಿಲ್ಲ.

"ಮಷೀನ್ ಹ್ಯಾಂಗದ?" ಎಂದು ಚಿಕೊಂಡಿ ನನ್ನ ಪರವಾಗಿ ಕೇಳಿಬಿಟ್ಟಳು. ನಾನು ಕೇಳಬಾರದೆಂದುಕೊಂಡಿದ್ದ ಪ್ರಶ್ನೆ ಅದು.

"ಭಾಳ ಛಲೋ ಅದ," ಎಂದಳು ಎಸ್ನಾತ್.

ಓಣಿಯ ಉಳಿದ ಹೆಂಗಸರೂ ಅದನ್ನೇ ಹೇಳಿದರು. ಸುಳ್ಳು ಹೇಳುವ ಮನಸ್ಸು ಅವರಿಗಿರಲಿಲ್ಲ. ದೂರದಿಂದ ಬಂದ ಅತಿಥಿಯ ಮುಂದೆ ಆಕೆಯ ವಸ್ತುವನ್ನು ಹಳಿಯುವುದು ಹೇಗೆ? ನಮ್ಮಲ್ಲೂ ಬೀಗರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಯಾರು ಹೇಳುತ್ತಾರೆ? 'ಹೇಗಿದೆ' ಎಂದು ಕೇಳಿದರೆ ಬರುವ ಉತ್ತರ ಸೌಜನ್ಯದ್ದು. ಅದನ್ನು ನಂಬಿ ಕಾರ್ಖಾನೆ ನಡೆಸಲಾಗುವುದಿಲ್ಲ. ಆದ್ದರಿಂದ ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟು ಅವಳ ಜೊತೆ ಚಾಪೆಯ ಮೇಲೆ ಕಾಲು ಚಾಚಿ ಕೂತೆ. ಅವಳು ಸೊಪ್ಪು ಬಿಡಿಸಿದರೆ ನಾನೂ ಬಿಡಿಸಿದೆ. ಅವಳು ನೀರಿಗೆ ಹೋದರೆ ನಾನೂ ಹೋದೆ. ಕೊಡವನ್ನು ತಲೆಯ ಮೇಲೆ ಕೈಬಿಟ್ಟು ಹೊರುವುದನ್ನು ನಮ್ಮ ಹಳ್ಳಿಯಲ್ಲಿ ಕಲಿತಿದ್ದೆ ಎಂಬ ಹಮ್ಮಿನಲ್ಲಿ ಹೊತ್ತು, ಅರ್ಧ ಸೀರೆ ತೋಯಿಸಿಕೊಂಡೆ.

ಹೀಗೆ ಸೊಪ್ಪು ಬಿಡಿಸುತ್ತಿದ್ದಾಗಲೇ ಒಮ್ಮೆ ಅವಳು ಕೇಳಿದಳು. "ನಿನ್ನ ಗಂಡ ಎಲ್ಲಿದ್ದಾನ?"

"ತಾಂಡೂರದಾಗ. ಹಾಸುಗಲ್ಲಿನ ಫ್ಯಾಕ್ಟರಿಯೊಳಗ ಕೆಲಸ. ವಾರಕ್ಕೊಮ್ಮೆ ಬರ್ತಾರ."

"ವಾರಕ್ಕೊಮ್ಮೆ ಬರ್ತಾರಂದ್ರ ಅದು ದೂರ ಅಲ್ಲ," ಎಂದಳು.

ಗಂಡನನ್ನು ವಾಪಸು ತರುವ ಆಸೆಯಿಂದಲೇ ಅವಳು ಯಂತ್ರಕ್ಕೆ ಕೈ ಹಾಕಿದ್ದು ಎಂದು ಆಮೇಲೆ ತಿಳಿಯಿತು. ತೊಗರಿಯ ಸಿಪ್ಪೆ ತೆಗೆದು ಬೇಯಿಸಿ ಮೆತ್ತಗೆ ಕಡೆದು 'ಚಿಪೆರೆ' ಎಂಬ ಗಟ್ಟಿ ಪಲ್ಯ ಮಾಡುತ್ತಾರೆ ಅವರು. ಸಿಪ್ಪೆ ತೆಗೆಯುವುದು ಅರ್ಧ ದಿನದ ಕೆಲಸ. ಅದೇ ಸಿದ್ಧವಾಗಿ ಸಿಕ್ಕರೆ ಪೇಟೆಯಲ್ಲಿ ಕೊಳ್ಳುವವರಿದ್ದಾರೆ. ಯಂತ್ರ ನಡೆದರೆ ಅವನು ಬಂದು ಇದನ್ನೇ ನೋಡಿಕೊಳ್ಳಬಹುದು ಎಂದು ಅವಳು ಅವನಿಗೆ ಹೇಳಿದ್ದಳು. ಅವನು ಸರಿ ಎಂದಿದ್ದ. ಈಗ ಡೀಲರ್, ಈ ಸುಗ್ಗಿಯಲ್ಲೂ ಬಳಸದಿದ್ದರೆ ಯಂತ್ರವನ್ನು ಬೇರೆ ಊರಿಗೆ ಒಯ್ಯುತ್ತೇನೆ ಎಂದಿದ್ದನಂತೆ.

ಮರುದಿನ ನಾನು ಅವಳನ್ನು ಕೇಳಿಕೊಂಡೆ. "ಹೋದ ಸಲ ಮಷೀನ್ ಹಚ್ಚಿದಾಗ ಏನೇನ್ ಮಾಡಿದ್ದಿ, ಅದನ್ನೇ ಮತ್ತ ಮಾಡಿ ತೋರಸು. ಮಾಡ್ತಾ ಮಾಡ್ತಾ ಮನಸಿನಾಗ ಏನ್ ಬರ್ತದ ಅದನ್ನ ಬಾಯಿಬಿಟ್ಟು ಹೇಳ್ತಾ ಹೋಗು."

ಅವಳ ಒಪ್ಪಿಗೆ ಕೇಳಿ ಚಿಕೊಂಡಿ ನನ್ನ ಫೋನಿನಲ್ಲಿ ವಿಡಿಯೊ ತೆಗೆಯತೊಡಗಿದಳು. ಎಸ್ನಾತ್ ಫೋಟೊ ಎತ್ತಿಟ್ಟು, ರೇಡಿಯೊ ಇಳಿಸಿ, ಬಟ್ಟೆ ಮಡಚಿದಳು. ಒಲೆ ಹೊತ್ತಿಸಿ ತೊಗರಿಯನ್ನು ಹುರಿದಳು. ಹುರಿದ ತೊಗರಿಯ ವಾಸನೆ ಅಂಗಳವೆಲ್ಲ ಹಬ್ಬಿತು. ಆಮೇಲೆ ತಂತಿ ಸಿಕ್ಕಿಸಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಯಂತ್ರದ ಮುಂದೆ ನಿಂತಳು. ಕಾಳು ಸುರಿಯುವ ಬಾಯಿ ಅವಳ ಭುಜದ ಮಟ್ಟಕ್ಕಿತ್ತು. ತುದಿಗಾಲಲ್ಲಿ ನಿಂತು ಸುರಿಯುವಾಗ ಮಗು ಬೆನ್ನ ಮೇಲೆ ಪಕ್ಕಕ್ಕೆ ಜಾರಿತು. "ಕೂಸು ಬಿದ್ದೀತು ಅಂತ ಅಂಜಿಕಿ," ಎಂದಳು. ಕೆಳಗೆ ಬಂದದ್ದು ಬೇಳೆಯಲ್ಲ. ಅರ್ಧ ಹಿಟ್ಟು, ಅರ್ಧ ನುಚ್ಚು, ನಡುವೆ ಕಪ್ಪು ಸಿಪ್ಪೆಯ ಚೂರು. ಅವಳು ಯಂತ್ರ ನಿಲ್ಲಿಸಿ, ಬಾಗಿ, ಚೆಲ್ಲಿದ್ದನ್ನು ಕೈಯಲ್ಲಿ ಬಳಿದುಕೊಂಡಳು.

"ನನಗ ಬರಂಗಿಲ್ಲ," ಎಂದಳು ತಲೆ ಎತ್ತದೆ. "ನಿಮ್ಮ ಮಷೀನ್ ಛಲೋ ಅದ. ನನಗೇ ಬರಂಗಿಲ್ಲ."

ನನ್ನ ಕೆಲಸದಲ್ಲಿ ಅತಿ ಕಷ್ಟದ ಗಳಿಗೆ ಇದು. ನೋಡುವಾಗ ಕಲಿಸಬಾರದು, ಕೈ ಹಾಕಬಾರದು, ಮುಖದಲ್ಲೂ ಏನನ್ನೂ ತೋರಬಾರದು. ಕಲಿಸಿಬಿಟ್ಟರೆ ನಾನಿಲ್ಲದಾಗ ಅವಳಿಗೆ ಏನಾಗುತ್ತದೆಂಬುದು ಎಂದಿಗೂ ತಿಳಿಯುವುದಿಲ್ಲ. ಕೈ ಕಟ್ಟಿಕೊಂಡು ಕೂತೆ. ನಾವು ಜಹೀರಾಬಾದಿನಲ್ಲಿ ಮಾಡಿದ ತಪ್ಪಿಗೆ ಇಲ್ಲಿ ಒಬ್ಬಳು ತನ್ನನ್ನೇ ದೂರಿಕೊಳ್ಳುತ್ತಿದ್ದಳು.

ತಪ್ಪು ಏನೆಂದು ನನಗೆ ಅಷ್ಟರಲ್ಲಿ ಹೊಳೆದಿತ್ತು. ನಮ್ಮ ಕಡೆ ಯಾರೂ ತೊಗರಿಯನ್ನು ಹುರಿದು ಬೇಳೆ ಮಾಡುವುದಿಲ್ಲ. ನೆನೆಹಾಕಿ, ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಹರವಿ, ಗರಿಗರಿ ಒಣಗಿದ ಮೇಲೆಯೇ ಒಡೆಯುವುದು. ಕೆಲವರು ಮಣ್ಣಿನ ಬದಲು ಎಣ್ಣೆ ಕೈ ಸವರುತ್ತಾರೆ. ಇದು ನಮಗೆ ಎಷ್ಟು ರೂಢಿಯೆಂದರೆ ಯಂತ್ರದ ಜೊತೆ ಕೊಡುವ ಹಾಳೆಯಲ್ಲಿ ಅದನ್ನು ಬರೆಯಬೇಕೆಂದು ಯಾರಿಗೂ ತೋರಲಿಲ್ಲ. ಯಂತ್ರದ ಕಲ್ಲುಗಳ ನಡುವಿನ ಸಂದು, ಅದು ತಿರುಗುವ ವೇಗ, ಎಲ್ಲವನ್ನೂ ನಮ್ಮ ಅವ್ವಂದಿರು ಒಣಗಿಸಿದ ತೊಗರಿಗೆ ಹೊಂದಿಸಿ ಮಾಡಿದ್ದೆವು. ಹುರಿದ ಕಾಳು ಪಟಪಟನೆ ಒಡೆಯುವಂಥದ್ದು. ಅಷ್ಟು ಬಿಗಿಯಲ್ಲಿ ಅದು ಹಿಟ್ಟಾಗದೆ ಇನ್ನೇನಾದೀತು?

ಚಿಪೆರೋನಿ

ಹಾಗಾದರೆ ನಮ್ಮ ಪದ್ಧತಿಯನ್ನೇ ಇವರಿಗೆ ಹೇಳಿಕೊಟ್ಟರೆ ಸಾಲದೆ ಎಂಬ ಆಸೆ ಬಂತು. ಯಂತ್ರ ಬದಲಿಸುವ ತೊಂದರೆಯಿಲ್ಲ. ಇನ್ನೊಂದು ಆಸೆಯೂ ಒಳಗಿತ್ತು. ಕೆಮ್ಮಣ್ಣು ಹಚ್ಚಿದ ತೊಗರಿ ಹರವಿದ ಅಂಗಳವನ್ನು ನಾನು ಕಂಡು ಎಷ್ಟೋ ವರ್ಷವಾಗಿತ್ತು. ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಕೆಲಸ ನಿಂತಿತ್ತು. ಬೇಳೆ ಅಂಗಡಿಯಿಂದ ಬರುತ್ತದೆ. ಬೇಳೆ ಯಂತ್ರದ ಕಂಪನಿಯಲ್ಲಿ ದುಡಿಯುವ ನಾನು ಮನೆಯಲ್ಲಿ ಬೇಳೆ ಮಾಡುವುದಿಲ್ಲ.

ಅಳತೆ ಸರಿಯಾಗಿ ನೆನಪಿರಲಿಲ್ಲ. ನಾಗಲಗಿದ್ದದ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಕಲಾವತಿಗೆ ಫೋನ್ ಮಾಡಿದೆ. ಚಹಾ ತೋಟದ ಏರಿನಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ಹೋಗಿ ನಿಂತೆ.

"ಅಕ್ಕಾ, ತೊಗರಿಗಿ ಕೆಮ್ಮಣ್ಣು ಹಚ್ಚಿದ ಮ್ಯಾಲ ಅವ್ವ ಎಷ್ಟು ದಿನ ಒಣಗಸ್ತಿದ್ಳು?"

"ಒಣಗೋತನಕ."

"ಎಷ್ಟು ದಿನ ಅಂತ ಕೇಳ್ದೆ."

"ಹಲ್ಲಾಗ ಕಡದ್ರ ಟಕ್ ಅನಬೇಕು. ಅಲ್ಲಿತನಕ. ಯಾಕ, ನೀ ಎಲ್ಲಿದ್ದಿ?"

"ಆಫ್ರಿಕಾದಾಗ."

"ಅಲ್ಲೂ ತೊಗರಿ ಬೆಳೀತಾರ?"

"ಹೂ ಬಿಟ್ಟಾದ ಅಕ್ಕಾ. ಹೊಲ ತುಂಬ ಹೂ ಆಗ್ಯಾದ."

"ಈಗ?" ಎಂದಳು ಅಕ್ಕ. "ಇಷ್ಟು ದೂರ ಹೋದ ಮ್ಯಾಲ ನಿನ್ನ ದನಿ ಛಲೋ ಕೇಳಸ್ತದ ನೋಡು ವಿಜಿ. ಊಟ ಏನ್ ಮಾಡ್ತಿ ಅಲ್ಲಿ?"

"ಮೆಕ್ಕೆಜೋಳದ ಮುದ್ದಿ ಇರ್ತದ. ಸೊಪ್ಪು, ಸಣ್ಣ ಮೀನು. ನಾ ಮೀನು ತಿನ್ನಂಗಿಲ್ಲಂತ ನನಗ ಬ್ಯಾರೆ ಮಾಡ್ತಾರ."

"ರೊಟ್ಟಿ?"

"ಇಲ್ಲ."

"ಅಯ್ಯೋ ಪಾಪ," ಎಂದಳು. ಏರಿನ ಕೆಳಗೆ ಚಹಾ ಸಾಲುಗಳು, ಅದರಾಚೆ ನೀಲಿ ಬೆಟ್ಟ. ಜನ ದುಡ್ಡು ಕೊಟ್ಟು ನೋಡಲು ಬರುವ ನೋಟ ಅದು. ನನಗೆ ಬೇಕಾದದ್ದು ಮಾತ್ರ ಅಕ್ಕನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ.

ತೊಗರಿ ನೆನೆಹಾಕಿದೆವು. ಅಲ್ಲಿ ಕೆಂಪು ಮಣ್ಣಿಗೇನೂ ಬರವಿಲ್ಲ. ಹಚ್ಚಿದೆವು, ಚಾಪೆಯ ಮೇಲೆ ಹರವಿದೆವು. ಎಸ್ನಾತ್ ಮತ್ತು ನೆರೆಯ ಹೆಂಗಸರು ಊಟದ ಕಾಳಿಗೆ ಮಣ್ಣು ಬಳಿಯುವ ನನ್ನನ್ನು ಮರುಕದಿಂದ ನೋಡಿದರು.

ಸಂಜೆಗೆ ಚಳಿ ಗಾಳಿ ಬೀಸಿತು. ಬೆಟ್ಟದಿಂದ ಮಂಜಿನಂಥ ಜಡಿ ಇಳಿಯಿತು. ಆ ತಿಂಗಳುಗಳಲ್ಲಿ ಹಾಗೆ ಇಳಿಯುವ ಜಡಿಗೆ ಅಲ್ಲಿ ಚಿಪೆರೋನಿ ಎಂದು ಹೆಸರು. ಹೊಡೆದು ಸುರಿಯುವುದಿಲ್ಲ, ನಿಲ್ಲುವುದೂ ಇಲ್ಲ. ದಿನಗಟ್ಟಲೆ ಸೂರ್ಯ ಮುಖ ತೋರಿಸಲಿಲ್ಲ. ನಾನು ಚಾಪೆಯನ್ನು ಒಳಗೆಳೆದೆ, ಒಲೆಯ ಹತ್ತಿರ ಇಟ್ಟೆ, ಮತ್ತೆ ಹೊರಗೆ ಒಯ್ದೆ. ತೊಗರಿ ಹುಳಿ ವಾಸನೆ ಹಿಡಿದು ಮೊಳಕೆ ಒಡೆಯಿತು.

ಎಸ್ನಾತ್ ಒಂದು ಕಾಳನ್ನು ಎತ್ತಿ ಬಿಳಿ ಮೊಳಕೆ ತೋರಿಸಿ ಮೆಲ್ಲಗೆ ಹೇಳಿದಳು. "ಅಮಾಯಿ, ಇದು ಬೇಳಿ ಆಗಂಗಿಲ್ಲ. ಬಿತ್ತಿದ್ರ ಬೆಳೀತದ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಒಳಗೊಳಗೆ ಬೇಸರವಾಯಿತು. ಅವರು ಯಾಕೆ ಹುರಿಯುತ್ತಾರೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಬಿಸಿಲಿಲ್ಲದ ಕಡೆ ಬೆಂಕಿಯೇ ಬಿಸಿಲು. ನಮ್ಮ ಅಂಗಳವನ್ನು ನಾನು ಇಷ್ಟು ದೂರ ಹೊತ್ತು ತರಲು ಹೊರಟಿದ್ದೆ. ಅದು ಬರುವಂಥದ್ದಲ್ಲ. ಬದಲಾಗಬೇಕಾದದ್ದು ಯಂತ್ರವೇ.

ಲಿಂಬೆಯ ವೆಲ್ಡಿಂಗ್ ಅಂಗಡಿ

ಲಿಂಬೆ ಎಂಬುದು ಬ್ಲಾಂಟೈರಿಗೆ ಅಂಟಿಕೊಂಡ ಪೇಟೆ. ಹೆಸರು ಕೇಳಿ ನನಗೆ ಉಪ್ಪಿನಕಾಯಿ ನೆನಪಾಯಿತು. ಯಂತ್ರವನ್ನು ಒಂದು ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಎಸ್ನಾತ್, ಚಿಕೊಂಡಿ ಮತ್ತು ನಾನು ಹೋದೆವು. ದಾರಿಯಲ್ಲಿ ಗಾಡಿ ಕೆಟ್ಟು ನಿಂತಿತು. ಡ್ರೈವರ್ ಕೆಳಗಿಳಿದು ಒಂದು ಹಸಿರು ಕೊಂಬೆ ಮುರಿದು ಗಾಡಿಯ ಹಿಂದೆ ರಸ್ತೆಯ ಮೇಲೆ ಇಟ್ಟ. ಕೆಟ್ಟ ಗಾಡಿಗೆ ಅದೇ ಗುರುತು. ನಮ್ಮಲ್ಲಿ ಕಲ್ಲಿಡುತ್ತಾರೆ, ಹೋಗುವಾಗ ತೆಗೆಯಲು ಮರೆಯುತ್ತಾರೆ. ಕೊಂಬೆ ಬಾಡಿದ ಮೇಲೆ ಯಾರಿಗೂ ತೊಂದರೆಯಿಲ್ಲ.

ಎಸ್ನಾತ್ ಉದ್ದಕ್ಕೂ ಯಂತ್ರದ ಮೇಲೆ ಕೈಯಿಟ್ಟೇ ಕೂತಿದ್ದಳು. ಯಂತ್ರವನ್ನು ವಾಪಸು ಒಯ್ಯುತ್ತಿದ್ದೇನೆ ಎಂದು ಅವಳಿಗೆ ಒಳಗೇ ಅಂಜಿಕೆ. ಗಾಡಿ ನಿಂತಾಗ ಕೇಳಿಯೇಬಿಟ್ಟಳು.

"ಇದು ತಿರುಗಿ ನಮ್ಮನಿಗಿ ಬರ್ತದಲ್ಲ?"

"ಬರ್ತದ. ನಿನ್ನ ಮುಂದೇ ರಿಪೇರಿ ಮಾಡಸ್ತೀನಿ. ನೀ ಸರಿ ಅದ ಅನ್ನೋತನಕ ನಾ ಊರಿಗಿ ಹೋಗಂಗಿಲ್ಲ."

ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ಹೇಳಿಬಿಟ್ಟೆ.

ವೆಲ್ಡಿಂಗ್ ಅಂಗಡಿಯವನು ಯಂತ್ರದ ಕಾಲುಗಳನ್ನು ಕತ್ತರಿಸಿ ಗಿಡ್ಡ ಮಾಡಿದ. ಚಾಪೆಯ ಮೇಲೆ ಕೂತು ಕಾಳು ಸುರಿಯುವಷ್ಟು ಗಿಡ್ಡ. ಕಲ್ಲುಗಳ ನಡುವೆ ವಾಷರ್ ಸೇರಿಸಿ ಸಂದು ಹೆಚ್ಚಿಸಿದೆವು. ವೇಗ ತಗ್ಗಿಸಲು ದೊಡ್ಡ ಪುಲ್ಲಿ ಹಾಕಿದೆವು. ಮೊದಲ ಸಲ ಕಾಳು ಹಾಗೆಯೇ ಇಡಿಯಾಗಿ ಹೊರಬಂತು, ಸಿಪ್ಪೆಯೂ ಬಿಡಲಿಲ್ಲ. ಒಂದು ವಾಷರ್ ತೆಗೆದೆವು. ಈಗ ತೀರ ನುಚ್ಚಾಯಿತು. ತೆಳುವಾದ ಇನ್ನೊಂದನ್ನು ಹುಡುಕಿದೆವು. ಎಸ್ನಾತ್ ಮನೆಯಿಂದ ಹುರಿದು ತಂದ ತೊಗರಿ ಮುಗಿಯಿತು. ಅವಳು ಹೋಗಿ ಪೇಟೆಯಲ್ಲಿ ಕೊಂಡು ತಂದು, ಬೆಸುಗೆಯವನ ಇದ್ದಿಲ ಒಲೆಯ ಮೇಲೆಯೇ ಹುರಿದಳು. ಮಧ್ಯಾಹ್ನದ ಹೊತ್ತಿಗೆ ಯಂತ್ರದ ಬಾಯಿಂದ ಒಂದೊಂದಾಗಿ ಹಳದಿ ಬೇಳೆ ಉದುರತೊಡಗಿತು. ಸಿಪ್ಪೆ ಬೇರೆ, ಬೇಳೆ ಬೇರೆ.

ಎಸ್ನಾತ್ ಕೈಯೊಡ್ಡಿ ಹಿಡಿದಳು. ಊದಿ ನೋಡಿದಳು. ಬೆರಳಿಂದ ಕೆದಕಿದಳು. ಹೊಗಳಲಿಲ್ಲ.

"ಇನ್ನ ಜರಾ ಸಿಪ್ಪಿ ಉಳದದ," ಎಂದಳು.

ನನಗೆ ಆದ ಸಂತೋಷವನ್ನು ಹೇಳಲಾರೆ. ಬಂದು ಇಷ್ಟು ದಿನವಾದ ಮೇಲೆ ಮೊದಲ ಸಲ ಅವಳು ನಮ್ಮ ಯಂತ್ರದ ಮೇಲೆ ದೂರು ಹೇಳಿದ್ದಳು. ತನ್ನ ಮೇಲಲ್ಲ.

ಆ ದೂರನ್ನೂ ಸರಿಮಾಡಿಸಿ ಹಳ್ಳಿಗೆ ಮರಳಿದೆವು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ನಾನು ಏನೂ ಹೇಳಿಕೊಡದೆಯೇ, ಕೂತು ನಡೆಸಿ ನೋಡಿದರು. ಒಬ್ಬಾಕೆ ಸ್ವಿಚ್ಚನ್ನು ಹುಡುಕಿ ಹುಡುಕಿ ಸಾಕಾದಳು. ಅದೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಸೇರಿತು. ಸಂಜೆ ಎಸ್ನಾತಳ ಅಂಗಳದಲ್ಲಿ ಎಲ್ಲರಿಗೂ ಚಿಪೆರೆ ಬಡಿಸಿದರು. ಬಾಯಿಗಿಟ್ಟೆ. ಒಗ್ಗರಣೆಯಿಲ್ಲ, ಖಾರವಿಲ್ಲ. ಆದರೆ ಹುರಿದ ತೊಗರಿಯ ಆ ರುಚಿ ಎಲ್ಲೋ ಒಳಗಿನ ಒಂದು ಜಾಗವನ್ನು ಮುಟ್ಟಿತು. ಎಸ್ನಾತ್ ಗಂಡನಿಗೆ ಫೋನ್ ಹಚ್ಚಿ ಯಂತ್ರದ ಸದ್ದು ಕೇಳಿಸಿದಳು. ಅವನು ಏನೆಂದನೆಂದು ನಾನು ಕೇಳಲಿಲ್ಲ. ಅವಳು ಫೋನನ್ನು ಬಹಳ ಹೊತ್ತು ಕೆನ್ನೆಗೆ ಒತ್ತಿಕೊಂಡೇ ಕೂತಿದ್ದಳು.

ಜಹೀರಾಬಾದ್

ಮರಳಿ ಬಂದ ಮೇಲೆ ಮಾಲಕರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ, ಅಲ್ಲಿ ತೆಗೆದ ವಿಡಿಯೊ ತೋರಿಸಿದೆ. ಎಂಜಿನಿಯರ್ ಮೊದಲಿಗೆ, "ಹುರಿದ ಕಾಳಿಗಿ ನಾವು ಮಷೀನ್ ಮಾಡಿಲ್ಲರಿ ಮೇಡಂ" ಎಂದರು. ಸರಿಯೇ, ಮಾಡಿರಲಿಲ್ಲ. ಆಮೇಲೆ ಎಸ್ನಾತ್ ತುದಿಗಾಲಲ್ಲಿ ನಿಂತದ್ದು, ಮಗು ಜಾರಿದ್ದು, ಅವಳು ಬಾಗಿ ಹಿಟ್ಟನ್ನು ಬಳಿದುಕೊಂಡದ್ದು ಬಂತು. ವೀರಶೆಟ್ಟಿಯವರು ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದರು.

"ಮೋಟರ್ ದೊಡ್ಡದು ಹಾಕಿದ್ರ ಏನಾಗ್ತಿತ್ರಿ?" ಎಂದು ಕೇಳಿದರು.

"ಇನ್ನ ಜಲ್ದಿ ಹಿಟ್ಟಾಗ್ತಿತ್ತು," ಎಂದರು ಎಂಜಿನಿಯರ್, ತಾವೇ.

ಗಿಡ್ಡ ಕಾಲು, ದೊಡ್ಡ ಪುಲ್ಲಿ, ಸಂದು ಹೆಚ್ಚು ಕಡಿಮೆ ಮಾಡುವ ಒಂದು ತಿರುಪು, ಕಣ್ಣಿಗೆ ಕಾಣುವ ಸ್ವಿಚ್ಚು. ಇಷ್ಟೇ ಬದಲಾದದ್ದು. ಸಾಂಚಾ ಬದಲಿಸಬೇಕಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಬ್ಲಾಂಟೈರಿನಿಂದ ಹೊಸ ಆರ್ಡರ್ ಬಂತು. ಹಿಂದಿನ ಶೆಡ್ಡಿನಲ್ಲಿ ಸಂಜೆಯವರೆಗೂ ಕೆಲಸ ನಡೆಯತೊಡಗಿತು. ಇಲ್ಲೇ ಹತ್ತಿರದ ರಾಯಿಕೋಡಿನ ಕಡೆಯ ಹೆಂಗಸರೂ ಕೂತು ನಡೆಸುವ ಈ ಯಂತ್ರವನ್ನೇ ಕೇಳಿದರು. ಅವರಿಗೂ ನಿಂತು ಸಾಕಾಗಿತ್ತಂತೆ, ನಾವು ಕೇಳಿರಲಿಲ್ಲ. ಹೀಗೆ ಕೂತು ನೋಡುವ ಕೆಲಸಕ್ಕೆ ಕಾರ್ಖಾನೆಯಲ್ಲಿ ಒಂದು ಬೆಲೆ ಬಂತು. ಈಗ ಹೊಸದೇನು ಮಾಡಬೇಕಾದರೂ ಮಾಲಕರು ಮೊದಲು, "ವಿಜಯಮ್ಮ ಯಾರ ಮನಿಯೊಳಗಾದ್ರೂ ಕುಂತು ಬರ್ಲಿ" ಎನ್ನುತ್ತಾರೆ.

ಹೊಸ ಯಂತ್ರಗಳನ್ನು ಕೂರಿಸಿ ಬರಲು ಮಲಾವಿಗೆ ಯಾರಾದರೂ ಹೋಗಬೇಕಾಯಿತು. ಒಬ್ಬ ಮೆಕ್ಯಾನಿಕ್ ಹೋದ. ಅದು ಸರಿಯೂ ಹೌದು. ನನ್ನ ಅಧ್ಯಯನ ಮುಗಿದಿತ್ತು. ನಮ್ಮ ಕೆಲಸದ ರೀತಿಯೇ ಅದು. ಒಂದು ಮನೆಗೆ ಹೋಗುತ್ತೇವೆ, ಅವರ ಚಾಪೆಯ ಮೇಲೆ ಕೂರುತ್ತೇವೆ, ಅವರ ಮಗುವಿಗೆ ನಮ್ಮ ಬೆರಳು ರೂಢಿಯಾಗುತ್ತದೆ. ವರದಿ ಬರೆದ ಮೇಲೆ ಆ ಮನೆಗೆ ಹೋಗಲು ನಮಗೆ ಕಾರಣವೇ ಉಳಿಯುವುದಿಲ್ಲ. ಹೀಗೆ ಕಾರಣ ಮುಗಿದ ಮನೆಗಳು ನನಗೆ ಎಷ್ಟೋ ಇವೆ. ಸಂಜೆ ದೀಪ ಹಚ್ಚುವಾಗ ಒಂದೊಂದು ದಿನ ಒಂದೊಂದು ಮನೆ ನೆನಪಾಗುತ್ತದೆ. ಈಗೀಗ ಎಸ್ನಾತಳದೇ ಹೆಚ್ಚು.

ಅವಳೇ ಒಂದು ದಿನ ಫೋನ್ ಮಾಡಿದಳು, ಚಿಕೊಂಡಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮಗಳು ನಡೆಯುತ್ತಾಳಂತೆ. ಚಿಪೆರೆಯ ಬೇಳೆಗೆ ಪೇಟೆಯಿಂದ ಜನ ಬರುತ್ತಾರಂತೆ. ಗಂಡ ಕ್ರಿಸ್ಮಸ್ಸಿಗೆ ಬರುತ್ತೇನೆಂದಿದ್ದಾನೆ, ಆದರೆ ಹೋದ ವರ್ಷವೂ ಹಾಗೆಯೇ ಹೇಳಿದ್ದನಂತೆ. ಆಮೇಲೆ ಕೇಳಿದಳು.

"ನೀ ಯಾವಾಗ ಬರ್ತಿ?"

"ಕಂಪನಿ ಕಳಸಿದ್ರ ಬರ್ತೀನಿ."

ಚಿಕೊಂಡಿ ಅದನ್ನು ಅವಳಿಗೆ ಹೇಳಿದಳು. ಎಸ್ನಾತ್ ಏನೋ ಕೇಳಿದಳು. ಚಿಕೊಂಡಿ ತುಸು ಹಿಂಜರಿದು ನನಗೆ ತಿಳಿಸಿದಳು.

"ಒಬ್ಬರ ಮನಿಗಿ ಒಬ್ಬರು ಬರಾಕ ಕಂಪನಿ ಯಾಕ ಬೇಕು ಅಂತ ಕೇಳ್ತಾಳ."

ಅಷ್ಟು ದೂರಕ್ಕೆ ಏಕೆ ಬೇಕೆಂದು ವಿವರಿಸಬಹುದಿತ್ತು. ವಿವರಿಸಲಿಲ್ಲ. ಹೌದು, ಯಾಕ ಬೇಕು ಎಂದೆ. ಫೋನಿನಲ್ಲಿ ಅವಳ ಅಂಗಳದ ಕೋಳಿಗಳ ಸದ್ದು ಕೇಳುತ್ತಿತ್ತು.

ನಾಗಲಗಿದ್ದ

ಮುಂದಿನ ಭಾನುವಾ‌ರ ಬೆಳಿಗ್ಗೆ ಜಹೀರಾಬಾದಿನಿಂದ ಖೇಡದ ಬಸ್ ಹತ್ತಿದೆ. ಯಾವ ಮದುವೆಯೂ ಇರಲಿಲ್ಲ, ತೊಟ್ಟಿಲೂ ಇರಲಿಲ್ಲ, ಯಾರಿಗೂ ಮೈ ಹುಷಾರಿಲ್ಲ ಎಂದಿರಲಿಲ್ಲ. ಅಕ್ಕನ ಊರಿಗೆ ಹೋಗುವ ಜೀಪು ಸಿಗುವ ಹೊತ್ತಿಗೆ ಬಿಸಿಲೇರಿತ್ತು. ಜೀಪಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ ಯಾರ ಪೈಕಿ, ಯಾರ ಮನಿಗಿ ಎಂದು ಕೇಳಿದಳು. ಹೇಳಿದೆ. ಹೇಳುವಾಗ ನಾಲಿಗೆ ಎಲ್ಲೂ ತಡವರಿಸಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಗಾಬರಿಯಾದಳು. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ಏನಾತು ವಿಜಿ? ಫೋನಿಲ್ಲ, ಏನಿಲ್ಲ. ಮನ್ಯಾಗ ಎಲ್ಲಾರೂ ಆರಾಮ ಇದ್ದಾರಲ್ಲ?"

"ಎಲ್ಲಾರೂ ಆರಾಮ ಇದ್ದಾರ."

"ಮತ್ತ? ಏನ್ ಕೆಲಸಿತ್ತು?"

"ಏನ್ ಕೆಲಸಿಲ್ಲ ಅಕ್ಕಾ," ಎಂದೆ. "ಸುಮ್ನ ಬಂದೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸರಿದು ದಾರಿ ಬಿಟ್ಟಳು.